ಗಾಲ್ಫ್‌ನಲ್ಲಿ ಹೊಡೆತಗಳು ಸೋರುವುದೆಲ್ಲಿ?

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಡ್ಯಾನ್ ಮೆಕ್‌ಲಾಕ್ಲಿನ್ ಎಂಬ ಛಾಯಾಗ್ರಾಹಕನಿದ್ದ. ಮೂವತ್ತರ ವಯಸ್ಸು, 18 ಹೋಲ್‌ಗಳ ಒಂದು ಸುತ್ತನ್ನೂ ಪೂರ್ತಿ ಆಡಿದವನಲ್ಲ. 2010ರ ಏಪ್ರಿಲ್‌ನಲ್ಲಿ ಆತ ಕೆಲಸ ಬಿಟ್ಟು ಹತ್ತು ಸಾವಿರ ಗಂಟೆ ಗಾಲ್ಫ್ ಅಭ್ಯಾಸ ಮಾಡುವ ಪಣ ತೊಟ್ಟ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಬರೆದದ್ದನ್ನು ಮಾಲ್ಕಮ್ ಗ್ಲ್ಯಾಡ್‌ವೆಲ್ 2008ರಲ್ಲಿ ಮನೆಮಾತಾಗಿಸಿದ್ದರು. ಹತ್ತು ಸಾವಿರ ಗಂಟೆ ಸರಿಯಾಗಿ ದುಡಿದರೆ ಯಾರು ಬೇಕಾದರೂ ನಿಪುಣರಾಗಬಹುದು ಎಂಬ ಮಾತು ಆಗ ಗಾಳಿಯಲ್ಲಿತ್ತು. ಡ್ಯಾನ್ ಅದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಮೊದಲಿಗೆ ಅವನ ಕೈಯಲ್ಲಿದ್ದದ್ದು ಚೆಂಡನ್ನು ಹೋಲಿಗೆ ಉರುಳಿಸುವ ಪಟರ್ ಮಾತ್ರ. ಹೋಲಿನಿಂದ ಒಂದೇ ಅಡಿ ದೂರದಲ್ಲಿ ಚೆಂಡಿಟ್ಟು ಶುರುಮಾಡಿ, ಹಂತಹಂತವಾಗಿ ಹಿಂದೆ ಸರಿಯುತ್ತಾ ಹೋದ. ಉದ್ದ ಹೊಡೆತದ ದಂಡವಾದ ಡ್ರೈವರ್ ಮುಟ್ಟಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸುಮಾರು ಐದು ವರ್ಷ, ಸುಮಾರು ಆರು ಸಾವಿರ ಗಂಟೆಗಳಲ್ಲಿ ಅವನ ಹ್ಯಾಂಡಿಕ್ಯಾಪ್ 2.6ಕ್ಕೆ ಇಳಿದಿತ್ತು. ಅಂದರೆ ಒಳ್ಳೆಯ ದಿನ ಪಾರ್ ಎಂಬ ನಿಗದಿತ ಹೊಡೆತಗಳಿಗಿಂತ ಎರಡು ಮೂರು ಹೊಡೆತವಷ್ಟೇ ಹೆಚ್ಚು. ಜೀವಮಾನವಿಡೀ ಕ್ಲಬ್ಬಿನಲ್ಲಿ ಆಡುವ ಬಹುಪಾಲು ಮಂದಿಗೆ ಈ ಅಂಕಿ ಕನಸಿನಲ್ಲೂ ಸಿಗುವುದಿಲ್ಲ. ಆಮೇಲೆ ಬೆನ್ನು ಕೈಕೊಟ್ಟಿತು. ಯೋಜನೆ ಅಲ್ಲಿಗೇ ನಿಂತಿತು. ಮುಂದೆ ಆತ ಸೋಡಾ ಉದ್ಯಮಕ್ಕೆ ಇಳಿದ.

ಈ ಕಥೆಯನ್ನು ಕೆಲವರು ಅಭ್ಯಾಸದ ಗೆಲುವು ಎಂದು ಓದಿದರು, ಕೆಲವರು ಸೋಲು ಎಂದು. ನನಗೆ ಕಾಣುವುದು ಬೇರೆ. ಗಾಲ್ಫ್ ಸುಧಾರಿಸಲು ಏನು ಬೇಕು ಎಂದು ಕೇಳಿದರೆ ಕೋಚ್ ಗ್ರಿಪ್ಪು, ನಿಲುವು ಎನ್ನುತ್ತಾರೆ, ವಿಜ್ಞಾನಿ ಅಭ್ಯಾಸದ ವಿಧಾನ ಎನ್ನುತ್ತಾರೆ, ಜಿಮ್‌ನವರು ಸೊಂಟ ಬೆನ್ನು ಎನ್ನುತ್ತಾರೆ. ಮೂರೂ ಒಬ್ಬನೇ ಮನುಷ್ಯನಲ್ಲಿ ಎದುರುಬದುರಾಗಿ ನಿಂತದ್ದು ಡ್ಯಾನ್‌ನಲ್ಲಿ. ಯಾವುದು ಎಷ್ಟು ಕೊಡುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂದು ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಗೊತ್ತಾಗಿದೆ. ಆದರೆ ನಮ್ಮ ಡ್ರೈವಿಂಗ್ ರೇಂಜ್‌ಗಳಲ್ಲಿ ಇನ್ನೂ ಚಲಾವಣೆಯಲ್ಲಿರುವುದು ಹಳೆಯ ನಾಣ್ಯವೇ.

ಮೊದಲು ಹೊಡೆತಗಳು ಎಲ್ಲಿ ಪೋಲಾಗುತ್ತವೆ ಎನ್ನುವ ಲೆಕ್ಕ. ಡ್ರೈವ್ ಇರುವುದು ತೋರಿಕೆಗೆ, ದುಡ್ಡು ಬರುವುದು ಪಟ್‌ನಿಂದ ಎಂಬುದು ಗಾಲ್ಫ್ ವಲಯದ ಹಳೇ ಮಾತು. ಇದನ್ನು ಅಲುಗಾಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ ಪ್ರತಿ ಹೊಡೆತ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂಬುದನ್ನು ಅಳೆದು ದಾಖಲಿಸುವ ವ್ಯವಸ್ಥೆಯಿದೆ. ಆ ಮಾಹಿತಿಯ ರಾಶಿಯಿಂದ ಬ್ರಾಡಿ ಸರಳವಾದ ಅಳತೆಗೋಲೊಂದನ್ನು ಕಡೆದು ತೆಗೆದರು. ಎಂಟು ಅಡಿಯ ಪಟ್ ಅನ್ನು ವೃತ್ತಿಪರರು ಎರಡು ಸಲಕ್ಕೊಮ್ಮೆ ಹಾಕುತ್ತಾರೆ. ಹಾಗಾಗಿ ಅಲ್ಲಿಂದ ಅವರಿಗೆ ಬೇಕಾಗುವುದು ಸರಾಸರಿ ಒಂದೂವರೆ ಹೊಡೆತ. ನೀವು ಒಂದೇ ಹೊಡೆತಕ್ಕೆ ಹಾಕಿದಿರಾದರೆ ಅರ್ಧ ಹೊಡೆತ ಲಾಭ, ಎರಡು ತೆಗೆದುಕೊಂಡಿರಾದರೆ ಅರ್ಧ ನಷ್ಟ. ಮೈದಾನದ ಪ್ರತಿ ಹೊಡೆತಕ್ಕೂ ಹೀಗೆ ಲಾಭನಷ್ಟ ಬರೆಯಬಹುದು. 2011ರಲ್ಲಿ ಪಿಜಿಎ ಟೂರ್ ಪಟ್ಟಿಂಗ್‌ಗೆ ಈ ಲೆಕ್ಕವನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ಲೆಕ್ಕ ಹೇಳಿದ್ದೇನು? ಅಗ್ರ ಆಟಗಾರರು ಉಳಿದ ವೃತ್ತಿಪರರಿಗಿಂತ ಮುಂದಿರುವುದರಲ್ಲಿ ಪಟ್ಟಿಂಗ್‌ನ ಪಾಲು ಸುಮಾರು ಶೇ. 15 ಮಾತ್ರ. ಮೂರನೇ ಎರಡು ಭಾಗ ಬರುವುದು ನೂರು ಗಜಕ್ಕಿಂತ ಹೆಚ್ಚು ದೂರದಿಂದ ಆಡುವ ಹೊಡೆತಗಳಿಂದ. ಹವ್ಯಾಸಿಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ: 80 ಹೊಡೆತದಲ್ಲಿ ಸುತ್ತು ಮುಗಿಸುವವನಿಗೂ 90 ತೆಗೆದುಕೊಳ್ಳುವವನಿಗೂ ಇರುವ ಹತ್ತು ಹೊಡೆತಗಳ ಅಂತರದಲ್ಲಿ ಆರೇಳು ಹೋಗುವುದು ಹೋಲ್ ಇರುವ ಗ್ರೀನ್‌ನ ಹತ್ತಿರವಲ್ಲ, ದೂರದಲ್ಲೇ.

ಹಾಗಿದ್ದರೆ ಅದಿತಿ ಅಶೋಕ್? 2021ರ ಆಗಸ್ಟ್ 7ರಂದು, ಗಾಲ್ಫ್ ಅಂದರೇನೆಂದೇ ಗೊತ್ತಿಲ್ಲದ ಮನೆಗಳಲ್ಲೂ ನಸುಕಿಗೇ ಎದ್ದು ಟಿವಿ ಹಾಕಿಕೊಂಡು ಕೂತಿದ್ದರು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಐದನೇ ವಯಸ್ಸಿಗೆ ಆಟಕ್ಕೆ ಬಿದ್ದ ಹುಡುಗಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಹೊಸ್ತಿಲಲ್ಲಿದ್ದಳು. ಕೋವಿಡ್ ಬಂದುಹೋಗಿ ಮೈಯಲ್ಲಿ ಬಲ ಕುಂದಿತ್ತು. ಡ್ರೈವ್‌ನ ದೂರದಲ್ಲಿ ಆಕೆ ಪಟ್ಟಿಯ ತಳದಲ್ಲಿದ್ದಳು, ಪಟ್ಟಿಂಗ್‌ನಲ್ಲಿ ಎಲ್ಲರಿಗಿಂತ ಮುಂದೆ. ಚಿನ್ನ ಗೆದ್ದ ನೆಲ್ಲಿ ಕೋರ್ಡಾ 17 ಅಂಡರ್ ಪಾರ್, ಬೆಳ್ಳಿ ಕಂಚಿಗೆ ಸೆಣಸಿದವರು 16, ಅದಿತಿ 15. ಒಂದೇ ಹೊಡೆತದಿಂದ ನಾಲ್ಕನೇ ಸ್ಥಾನ. ಇದು ಬ್ರಾಡಿಯ ಲೆಕ್ಕಕ್ಕೆ ವಿರುದ್ಧವಾಯಿತಲ್ಲ ಎನ್ನಿಸುವುದು ಸಹಜ. ಆದರೆ ಆತನದೇ ಅಂಕಿಗಳಲ್ಲಿ ಇದಕ್ಕೂ ಜಾಗವಿದೆ. ದೀರ್ಘಾವಧಿಯಲ್ಲಿ ಶೇ. 15 ಇರುವ ಪಟ್ಟಿಂಗ್‌ನ ಪಾಲು, ಒಬ್ಬ ಆಟಗಾರ ಟೂರ್ನಿ ಗೆದ್ದ ವಾರವನ್ನಷ್ಟೇ ತೆಗೆದು ನೋಡಿದರೆ ಸುಮಾರು ಶೇ. 35ಕ್ಕೆ ಏರುತ್ತದೆ. ಒಂದು ವಾರದ ಪವಾಡ ಪಟರ್‌ನಿಂದ ಆಗಬಹುದು, ಹತ್ತು ವರ್ಷದ ವೃತ್ತಿಜೀವನ ಬಹುತೇಕ ಉದ್ದ ಹೊಡೆತಗಳ ಮೇಲೆ ನಿಲ್ಲುತ್ತದೆ. ಅದಿತಿ ಆ ದಿನಗಳಲ್ಲಿ ಸಾಧಿಸಿದ್ದು ಎಷ್ಟು ದೊಡ್ಡದು ಎಂಬುದು ಈ ಲೆಕ್ಕ ಗೊತ್ತಿದ್ದವರಿಗೇ ಹೆಚ್ಚು ಅರ್ಥವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಉದ್ದ ಹೊಡೆತ ಮುಖ್ಯ ಅಂದ ತಕ್ಷಣ ಹವ್ಯಾಸಿಯ ಕಣ್ಣು ಅಂಗಡಿಯ ಹೊಸ ಡ್ರೈವರ್‌ನತ್ತ ಹೋಗುತ್ತದೆ. ದೂರಕ್ಕೆ ಬೆಲೆಯಿದೆ, ಸುಳ್ಳಲ್ಲ. ಆದರೆ ನೂರರ ಆಸುಪಾಸಿನಲ್ಲಿ ಆಡುವವರ ಸ್ಕೋರ್ ಕಾರ್ಡ್ ತೆರೆದು ನೋಡಿದರೆ ಹೊಡೆತಗಳು ಸೋರಿರುವುದು ಬೇರೆ ಜಾಗದಲ್ಲಿ. ಮರಗಳ ನಡುವೆ ಕಳೆದುಹೋದ ಚೆಂಡು, ಕೆರೆಗೆ ಬಿದ್ದದ್ದು, ಗಡಿ ದಾಟಿದ್ದು, ದಂಡ ಚೆಂಡಿನ ನೆತ್ತಿಗಷ್ಟೇ ತಾಗಿ ನೆಲದ ಮೇಲೆ ಮೂವತ್ತು ಗಜ ಉರುಳಿದ್ದು. ಒಂದು ಹೋಲ್‌ನಲ್ಲಿ ಎಂಟು, ಇನ್ನೊಂದರಲ್ಲಿ ಒಂಬತ್ತು. ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಹೆಚ್ಚಿಸಿಕೊಂಡು ಯಾರೂ 98ರಿಂದ 90ಕ್ಕೆ ಇಳಿಯುವುದಿಲ್ಲ, ಈ ಎಂಟು ಒಂಬತ್ತುಗಳನ್ನು ಆರಕ್ಕೆ ಇಳಿಸಿಕೊಂಡು ಇಳಿಯುತ್ತಾರೆ.

ಮೂಲಪಾಠಗಳ ಬೆಲೆ ಇರುವುದು ಇಲ್ಲೇ. ಅವು ಅತ್ಯುತ್ತಮ ಹೊಡೆತವನ್ನು ಇನ್ನಷ್ಟು ಉತ್ತಮಗೊಳಿಸುವುದಕ್ಕಿಂತ ಹೆಚ್ಚಾಗಿ ಅತಿ ಕೆಟ್ಟ ಹೊಡೆತವನ್ನು ಸಹಿಸಬಹುದಾದಷ್ಟು ಕೆಟ್ಟದ್ದಾಗಿಸುತ್ತವೆ.

ಗ್ರಿಪ್ಪಿನಿಂದಲೇ ಆರಂಭಿಸಬೇಕು, ಏಕೆಂದರೆ ದಂಡಕ್ಕೂ ದೇಹಕ್ಕೂ ಇರುವ ಸಂಪರ್ಕ ಅದೊಂದೇ. ಬಲಗೈ ಆಟಗಾರನ ಎಡಗೈಯಲ್ಲಿ ದಂಡ ಅಂಗೈಗೆ ಅಡ್ಡಲಾಗಿ ಬೀಳದೆ ಬೆರಳುಗಳ ಬುಡದಲ್ಲಿ ಕೂರಬೇಕು. ಕೆಳಗೆ ನೋಡಿದಾಗ ಆ ಕೈಯ ಎರಡು ಮೂರು ಗೆಣ್ಣುಗಳು ಕಾಣಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಗೆರೆ ಬಲಭುಜದ ಕಡೆ ಮುಖಮಾಡಿರಬೇಕು. ಗೆಣ್ಣುಗಳು ಹೆಚ್ಚು ಕಂಡಷ್ಟೂ ಹೊಡೆತದ ಕ್ಷಣದಲ್ಲಿ ದಂಡದ ಮುಖ ಎಡಕ್ಕೆ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು, ಕಡಿಮೆಯಾದಷ್ಟೂ ಬಲಕ್ಕೆ ತೆರೆದುಕೊಳ್ಳುವ ಸಾಧ್ಯತೆ. ಬೆರಳುಗಳನ್ನು ಹೆಣೆಯಬೇಕೋ, ಒಂದರ ಮೇಲೊಂದು ಇಡಬೇಕೋ ಎಂಬ ಚರ್ಚೆಗೆ ಕ್ಲಬ್ಬಿನ ಬಾರ್‌ನಲ್ಲಿ ಸಿಗುವಷ್ಟು ಮಹತ್ವ ಮೈದಾನದಲ್ಲಿಲ್ಲ. ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹೆಣೆದರು. ಹ್ಯಾರಿ ವಾರ್ಡನ್‌ನ ಹೆಸರಿನಲ್ಲಿರುವ, ಕಿರುಬೆರಳನ್ನು ಮೇಲಿಡುವ ಹಿಡಿತವನ್ನು ಉಳಿದ ಅನೇಕರು ಬಳಸಿದರು. ಎರಡೂ ಬಗೆಯವರು ಗೆದ್ದರು.

ಪುಸ್ತಕ ನೋಡಿ ಗ್ರಿಪ್ ಕಲಿತವರಲ್ಲಿ ಬಹಳಷ್ಟು ಮಂದಿ ಬೆನ್ ಹೋಗನ್‌ನ ‘ಫೈವ್ ಲೆಸನ್ಸ್’ ಓದಿದವರು. 1957ರ ಈ ಪುಸ್ತಕದಷ್ಟು ಪ್ರಭಾವ ಬೀರಿದ ಕೃತಿ ಗಾಲ್ಫ್ ಬೋಧನೆಯಲ್ಲಿ ಇನ್ನೊಂದಿಲ್ಲ ಎನ್ನಬಹುದು. ಆದರೆ ಹೋಗನ್ ವೃತ್ತಿಯ ಮೊದಲರ್ಧವಿಡೀ ಕಾದಾಡಿದ್ದು ಹುಕ್‌ನ ವಿರುದ್ಧ. ಅವನ ಚೆಂಡು ಎಡಕ್ಕೆ ತಿರುಗಿ ರಫ್ ಸೇರುತ್ತಿತ್ತು. ಎಡಗೈಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿಯುವುದು ಅವನ ಕಾಯಿಲೆಗೆ ಅವನೇ ಕಂಡುಕೊಂಡ ಮದ್ದು. ಬಹುಪಾಲು ಹವ್ಯಾಸಿಗಳಿಗೆ ಇರುವುದು ತದ್ವಿರುದ್ಧ ಕಾಯಿಲೆ: ಚೆಂಡು ಬಲಕ್ಕೆ ಬಾಗುವ ಸ್ಲೈಸ್. ಸ್ಲೈಸ್ ಹೊಡೆಯುವವನು ಹೋಗನ್‌ನ ಹಿಡಿತ ಅನುಸರಿಸಿದರೆ ರೋಗ ಉಲ್ಬಣಿಸುತ್ತದೆ. ದೊಡ್ಡವರ ಸಲಹೆ ಸುಳ್ಳಲ್ಲ, ಅದು ಅವರ ದೇಹಕ್ಕೆ, ಅವರ ತಪ್ಪಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ.

ಸ್ಲೈಸ್ ಏಕಾಗುತ್ತದೆ ಎಂಬ ವಿಷಯದಲ್ಲೇ ದಶಕಗಳ ಕಾಲ ತಪ್ಪು ಪಾಠ ನಡೆಯಿತು. ದಂಡ ಬೀಸಿ ಬಂದ ದಿಕ್ಕಿನಲ್ಲಿ ಚೆಂಡು ಹೊರಡುತ್ತದೆ, ಆಮೇಲೆ ದಂಡದ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ಕೋಚ್‌ಗಳು ಹೇಳುತ್ತಿದ್ದರು. ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸೆನ್ 1990ರ ದಶಕದಲ್ಲೇ ಇದು ಹಾಗಲ್ಲ ಎಂದು ಬರೆದಿದ್ದರು. ಆದರೆ ಗಾಲ್ಫ್ ಜಗತ್ತು ನಂಬಿದ್ದು ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್‌ನಂಥ ರೇಡಾರ್ ಯಂತ್ರಗಳು ಬಂದ ಮೇಲೆಯೇ. ಚೆಂಡು ಮತ್ತು ದಂಡ ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆ ಕ್ಷಣದಲ್ಲಿ ಮುಖ ಯಾವ ಕಡೆಗಿತ್ತೋ ಬಹುಮಟ್ಟಿಗೆ ಆ ಕಡೆಗೇ ಚೆಂಡು ಹೊರಡುತ್ತದೆ. ಹೊರಡುವ ದಿಕ್ಕಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ನಿರ್ಧರಿಸುವುದು ದಂಡದ ಮುಖವೇ. ಬೀಸಿನ ದಾರಿಗೂ ಮುಖಕ್ಕೂ ಇರುವ ಕೋನದ ವ್ಯತ್ಯಾಸ ಚೆಂಡನ್ನು ಬಾಗಿಸುತ್ತದೆ. ಇದು ಪಂಡಿತರ ತರ್ಕ ಎಂದು ತಳ್ಳಿಹಾಕಬೇಡಿ. ಹಳೇ ಪಾಠ ನಂಬಿದವನು ಬಲಕ್ಕೆ ಬಾಗುವ ಚೆಂಡನ್ನು ಕಂಡು ಇನ್ನಷ್ಟು ಎಡಕ್ಕೆ ಗುರಿಯಿಟ್ಟು, ಇನ್ನಷ್ಟು ಎಡಕ್ಕೆ ಬೀಸುತ್ತಾನೆ. ದಾರಿಗೂ ಮುಖಕ್ಕೂ ಅಂತರ ಹೆಚ್ಚುತ್ತದೆ, ಚೆಂಡು ಇನ್ನೂ ಜೋರಾಗಿ ಬಲಕ್ಕೆ ಬಾಗುತ್ತದೆ. ಮುಖವನ್ನು ಸರಿಪಡಿಸುವ ಸುಲಭದ ದಾರಿ ಮತ್ತೆ ಅದೇ ಗ್ರಿಪ್.

ಅಂದಹಾಗೆ ಮುಖ ಒಂದೇ ಒಂದು ಡಿಗ್ರಿ ತಪ್ಪಿದರೆ ಚೆಂಡು ಬಾಗದೆ ನೇರವಾಗಿಯೇ ಹೋದರೂ 200 ಗಜದಲ್ಲಿ ಸುಮಾರು ಮೂರೂವರೆ ಗಜ ಪಕ್ಕಕ್ಕೆ ಸರಿದಿರುತ್ತದೆ. ಐದು ಡಿಗ್ರಿ ತಪ್ಪಿದರೆ ಚೆಂಡು ಫೇರ್‌ವೇ ಬಿಟ್ಟು ರಫ್‌ಗೆ.

ನಿಲುವು, ಗುರಿ, ಚೆಂಡಿಡುವ ಜಾಗ, ಈ ಮೂರರಲ್ಲಿ ಕಷ್ಟದ್ದೇನೂ ಇಲ್ಲ. ಕಷ್ಟವಿಲ್ಲವೆಂದೇ ಯಾರೂ ಗಮನ ಕೊಡುವುದಿಲ್ಲ. ಡ್ರೈವರ್‌ಗೆ ಚೆಂಡು ಎಡ ಹಿಮ್ಮಡಿಯ ನೇರದಲ್ಲಿ, ಮಧ್ಯಮ ಐರನ್‌ಗಳಿಗೆ ಪಾದಗಳ ನಡುಭಾಗದ ಹತ್ತಿರ. ಟೀ ಮೇಲಿಂದ ಡ್ರೈವರ್ ಮೇಲೇರುತ್ತಾ ಚೆಂಡನ್ನು ಮುಟ್ಟಬೇಕು, ಐರನ್ ಇಳಿಯುತ್ತಾ ಮುಟ್ಟಬೇಕು. ಒಳ್ಳೆಯ ಆಟಗಾರರ ಐರನ್ ಹುಲ್ಲು ಕೀಳುವುದು ಚೆಂಡಿದ್ದ ಜಾಗಕ್ಕಿಂತ ಕೆಲವು ಇಂಚು ಮುಂದೆ, ಕಲಿಯುವವರದ್ದು ಚೆಂಡಿಗಿಂತ ಹಿಂದೆ. ಗುರಿಯ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಚೆಂಡಿನ ಪಕ್ಕದಲ್ಲಿ ನಿಂತು ಗುರಿ ನೋಡುವ ಆಟವಿದು, ಕೇರಂನಂತೆ ಹಿಂದಿನಿಂದ ನೋಡುವುದಲ್ಲ. ನೇರ ನಿಂತಿದ್ದೇನೆ ಎಂದುಕೊಂಡವರ ಪಾದಗಳ ಮುಂದೆ ಕೋಲೊಂದನ್ನು ಇಟ್ಟು ಹಿಂದಿನಿಂದ ನೋಡಿದರೆ ಅದು ಬಾವುಟದಿಂದ ಇಪ್ಪತ್ತು ಗಜ ಬಲಕ್ಕಿರುವುದು ಅಪರೂಪವಲ್ಲ. ತಪ್ಪು ಗುರಿಗೆ ನಿಂತವನು ಸರಿಯಾಗಿ ಬೀಸಿದರೆ ಚೆಂಡು ತಪ್ಪು ಜಾಗಕ್ಕೆ ಹೋಗುತ್ತದೆ. ಆಗ ದೇಹ ತಾನಾಗಿಯೇ ತಪ್ಪಾಗಿ ಬೀಸುವುದನ್ನು ಕಲಿಯುತ್ತದೆ. ಎರಡು ಕೋಲುಗಳಿಂದ ತಪ್ಪಿಸಬಹುದಾದ ಈ ರೋಗಕ್ಕೆ ಜನ ಸಾವಿರಾರು ರೂಪಾಯಿ ತೆತ್ತು ಸ್ವಿಂಗ್ ಬದಲಿಸಿಕೊಳ್ಳುತ್ತಾರೆ. ಮೇಜರ್ ಎಂಬ ಅಗ್ರ ಟೂರ್ನಿಗಳನ್ನು ಹದಿನೆಂಟು ಬಾರಿ ಗೆದ್ದ ನಿಕ್ಲಾಸ್ ಪ್ರತಿ ವರ್ಷದ ಆರಂಭದಲ್ಲಿ ತನ್ನ ಬಾಲ್ಯದ ಗುರು ಜ್ಯಾಕ್ ಗ್ರೌಟ್ ಬಳಿ ಹೋಗಿ ಗ್ರಿಪ್ಪು ನಿಲುವುಗಳಿಂದ ಹೊಸದಾಗಿ ಪಾಠ ಶುರುಮಾಡುತ್ತಿದ್ದ. ನಾವು ಮಾತ್ರ ಇವುಗಳನ್ನು ಮೊದಲ ವಾರಕ್ಕೇ ಮುಗಿಸಿಬಿಡುತ್ತೇವೆ.

ಸ್ವಿಂಗ್‌ನ ವಿಚಾರ ಬೇರೆ. ಅಲ್ಲಿ ಒಂದೇ ಸರಿಯಾದ ಆಕಾರವಿದೆ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಜಿಮ್ ಫ್ಯೂರಿಕ್‌ನ ಸ್ವಿಂಗ್ ನೋಡಿದ ಯಾವ ಕೋಚೂ ಅದನ್ನು ಮಕ್ಕಳಿಗೆ ತೋರಿಸಲಾರ. ದಂಡ ಒಂದು ದಾರಿಯಲ್ಲಿ ಮೇಲೇರಿ, ಸುರುಳಿ ಸುತ್ತಿ, ಬೇರೆ ದಾರಿಯಲ್ಲಿ ಇಳಿಯುತ್ತದೆ. ಆತ 2003ರ ಯುಎಸ್ ಓಪನ್ ಗೆದ್ದ, 2016ರಲ್ಲಿ ಪಿಜಿಎ ಟೂರ್‌ನ ಒಂದು ಸುತ್ತನ್ನು 58ಕ್ಕೆ ಮುಗಿಸಿದ. ಚೆಂಡಿಗೆ ತಾಗುವ ಕ್ಷಣದಲ್ಲಿ ಅವನೂ ಉಳಿದ ಶ್ರೇಷ್ಠರೂ ಒಂದೇ ಭಂಗಿಯಲ್ಲಿರುತ್ತಾರೆ. ಬೆಂಗಳೂರಿನಲ್ಲಿ ಈ ಪಾಠ ಆಟಗಾರರ ದಂಡಗಳ ಚೀಲ ಹೊರುವ ಕ್ಯಾಡಿಗಳಿಂದ ಸಿಗುತ್ತದೆ. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದಾಗಿನಿಂದ ನಮ್ಮಲ್ಲಿ ಎರಡು ಬಗೆಯ ಗಾಲ್ಫರ್‌ಗಳು ಬೆಳೆದರು: ದಂಡ ಕೊಂಡು ಕಲಿತವರು ಮತ್ತು ದಂಡ ಹೊತ್ತು ಕಲಿತವರು. ಎರಡನೆಯ ಗುಂಪಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಈಗಲ್‌ಟನ್ ಮೈದಾನದಲ್ಲಿ ಆಟ ಕಲಿತು ಏಷ್ಯಾದ ವೃತ್ತಿಪರ ವಲಯಕ್ಕೆ ಹೋದರು. ನೋಡಿ ಕಲಿತ ಕಣ್ಣಿಗೆ, ಇನ್ನೊಬ್ಬರ ಸಾವಿರಾರು ತಪ್ಪು ಹೊಡೆತಗಳನ್ನು ಹಿಂದಿನಿಂದ ಕಂಡ ಕಣ್ಣಿಗೆ, ಚೆಂಡು ಎಲ್ಲಿ ಬೀಳಬಾರದು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಕ್ಯಾಡಿಯ ಮಾತು ಕೇಳದೆ ಮೂರು ಹೊಡೆತ ಕಳೆದುಕೊಳ್ಳುವ ಸದಸ್ಯರು ಪ್ರತಿ ಕ್ಲಬ್‌ನಲ್ಲೂ ಇದ್ದಾರೆ.

ಅಭ್ಯಾಸಕ್ಕೆ ಬರೋಣ. ಯಾವುದೇ ಡ್ರೈವಿಂಗ್ ರೇಂಜ್‌ನಲ್ಲಿ ಭಾನುವಾರ ಬೆಳಿಗ್ಗೆ ಕಾಣುವ ದೃಶ್ಯ ಒಂದೇ. ಬುಟ್ಟಿ ತುಂಬ ಚೆಂಡು, ಕೈಯಲ್ಲಿ ಡ್ರೈವರ್, ಒಂದರ ಹಿಂದೊಂದು ಹೊಡೆತ. ಹತ್ತನೆಯ ಹೊತ್ತಿಗೆ ಲಯ ಸಿಗುತ್ತದೆ, ಇಪ್ಪತ್ತನೆಯದು ಅದ್ಭುತ. ಮರುವಾರ ಮೊದಲ ಟೀ ಮೇಲೆ ನಿಂತಾಗ ಆ ಅದ್ಭುತ ಇರುವುದಿಲ್ಲ. ಇದಕ್ಕೆ ಕಾರಣವನ್ನು 1979ರಲ್ಲೇ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕಂಡಿದ್ದರು. ಅವರ ಪ್ರಯೋಗ ಗಾಲ್ಫ್‌ನದ್ದಲ್ಲ, ಕೈಚಳಕದ ಸಣ್ಣ ಕೆಲಸದ್ದು. ಒಂದೇ ಚಲನೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರು. ಬೇರೆಬೇರೆ ಚಲನೆಗಳನ್ನು ಕಲಸಿ ಅಭ್ಯಾಸ ಮಾಡಿದವರು ಆಗ ತಡವರಿಸಿದರು, ಆದರೆ ಕೆಲವು ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದೆ ಹೋದರು. ಮೈದಾನದಲ್ಲಿ ಒಂದೇ ಹೊಡೆತ ಎರಡು ಸಲ ಬರುವುದಿಲ್ಲ. ಡ್ರೈವರ್ ನಂತರ ಐರನ್, ಆಮೇಲೆ ವೆಡ್ಜ್, ನಡುವೆ ಕೆಲವು ನಿಮಿಷಗಳ ನಡಿಗೆ. ರೇಂಜ್‌ನಲ್ಲೂ ಹಾಗೇ ಆಡಬಹುದು. ಮನಸ್ಸಿನಲ್ಲಿ ಪರಿಚಯದ ಮೈದಾನದ ಮೊದಲ ಹೋಲ್ ಇಟ್ಟುಕೊಂಡು ಡ್ರೈವರ್ ಹೊಡೆದು, ಅದು ಎಲ್ಲಿ ಬಿತ್ತೋ ಅದಕ್ಕೆ ತಕ್ಕ ಐರನ್ ತೆಗೆಯಬಹುದು. ಗಾಲ್ಫ್ ಮೇಲೆಯೇ ನಡೆದ ಅಧ್ಯಯನಗಳ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ, ತೀರಾ ಹೊಸಬರಿಗೆ ಒಂದೇ ಹೊಡೆತವನ್ನು ಮತ್ತೆಮತ್ತೆ ಆಡುವುದು ಬೇಕೂ ಹೌದು. ಆದರೆ ಐದು ವರ್ಷದಿಂದ ಆಡುತ್ತಿರುವವರು ಇನ್ನೂ ಬುಟ್ಟಿ ಖಾಲಿ ಮಾಡುವುದನ್ನೇ ಅಭ್ಯಾಸ ಎಂದುಕೊಂಡಿದ್ದರೆ ಅದು ವ್ಯಾಯಾಮ ಮಾತ್ರ.

ಗಮನ ಎಲ್ಲಿರಬೇಕು ಎಂಬುದರ ಬಗ್ಗೆ ಸಂಶೋಧಕಿ ಗೇಬ್ರಿಯೇಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಪಿಚ್ ಹೊಡೆತವನ್ನೇ ಬಳಸಿ ಪ್ರಯೋಗ ಮಾಡಿದರು. ಹೊಸಬರಲ್ಲಿ ಒಂದು ಗುಂಪಿಗೆ ತೋಳುಗಳ ಚಲನೆ ಗಮನಿಸಲು ಹೇಳಿದರು, ಇನ್ನೊಂದಕ್ಕೆ ದಂಡದ ಚಲನೆ. ಎರಡನೆಯ ಗುಂಪು ನಿಖರವಾಗಿ ಹೊಡೆಯಿತು. ಮೊಣಕೈ, ಮಣಿಕಟ್ಟು, ಸೊಂಟ ಎಂದು ಐದು ಅಂಗಗಳಿಗೆ ಆಜ್ಞೆ ಕೊಡುತ್ತಾ ಬೀಸುವವನ ದೇಹ ಹೆಪ್ಪುಗಟ್ಟುತ್ತದೆ. ಅಂತರ್ಜಾಲದ ವಿಡಿಯೊಗಳನ್ನು ನೋಡಿ ಕಲಿಯುವವರ ಮುಖ್ಯ ತೊಂದರೆ ಇದೇ. ಪ್ರತಿ ವಾರ ಒಂದು ಹೊಸ ಅಂಗ ಸೇರಿಕೊಳ್ಳುತ್ತದೆ.

ಪಟ್ಟಿಂಗ್ ಅಭ್ಯಾಸಕ್ಕೆ ನಾನು ಕೊಡುವ ಸಮಯ ಬ್ರಾಡಿಯ ಲೆಕ್ಕಕ್ಕಿಂತ ಹೆಚ್ಚು, ಕಾರಣ ಸರಳ: ಅದಕ್ಕೆ ಬಲ ಬೇಡ, ವಯಸ್ಸಿನ ಹಂಗಿಲ್ಲ, ಮನೆಯ ಜಮಖಾನದ ಮೇಲೂ ಆಗುತ್ತದೆ. 90 ಹೊಡೆತದ ಆಟಗಾರ ಐದು ಅಡಿಯಿಂದ ಎರಡಕ್ಕೊಂದು ಹಾಕುತ್ತಾನೆ, ವೃತ್ತಿಪರರು ಎಂಟು ಅಡಿಯಿಂದ. ಮೂರು ಅಡಿಯ ಅಂತರವಷ್ಟೇ. ಆದರೆ ಇಪ್ಪತ್ತು ಅಡಿಯಿಂದ ವೃತ್ತಿಪರರೂ ಏಳರಲ್ಲಿ ಒಂದನ್ನು ಮಾತ್ರ ಹಾಕುತ್ತಾರೆ. ಹಾಗಾಗಿ ದೂರದ ಪಟ್‌ನಲ್ಲಿ ಹೋಲ್ ಹುಡುಕುವುದಕ್ಕಿಂತ ವೇಗದ ಅಂದಾಜು ಮುಖ್ಯ. ಮೂವತ್ತು ಅಡಿಯಿಂದ ಮೂರು ಪಟ್ ಆಗದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಮ್ಮ ಕಡೆಯ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ಯಾವ ಕಡೆಗೆ ಮಲಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೊಳೆಯುವಂತೆ ಕಂಡರೆ ಚೆಂಡು ವೇಗ, ಮಂಕಾಗಿ ಕಂಡರೆ ನಿಧಾನ. ಚಿಕ್ಕ ಪಟ್‌ನ ಬೆಲೆ ಕೇಳಬೇಕಿದ್ದರೆ ರೋರಿ ಮೆಕಿಲ್‌ರಾಯ್‌ನನ್ನು ಕೇಳಬೇಕು. 2024ರ ಯುಎಸ್ ಓಪನ್‌ನ ಕೊನೆಯ ಮೂರು ಹೋಲ್‌ಗಳಲ್ಲಿ ನಾಲ್ಕಡಿಗಿಂತ ಹತ್ತಿರದ ಎರಡು ಪಟ್ ತಪ್ಪಿಸಿ, ಒಂದೇ ಹೊಡೆತದಿಂದ ಪ್ರಶಸ್ತಿ ಕಳೆದುಕೊಂಡ.

ತನ್ನ ದಂಡಗಳು ಎಷ್ಟು ದೂರ ಹೊಡೆಯುತ್ತವೆ ಎಂಬುದನ್ನು ಅರಿಯುವುದೂ ಅಭ್ಯಾಸದ ಭಾಗವೇ. ಏಳನೇ ಐರನ್‌ನಲ್ಲಿ 150 ಗಜ ಎನ್ನುವವರು ಒಮ್ಮೆ, ಹಿಂದಿನಿಂದ ಗಾಳಿ ಬೀಸುತ್ತಿದ್ದ ದಿನ, ಗಟ್ಟಿ ನೆಲದ ಮೇಲೆ ಉರುಳಿದ್ದನ್ನು ನೆನಪಿಟ್ಟುಕೊಂಡವರು. ಹವ್ಯಾಸಿಗಳ ಅಪ್ರೋಚ್ ಹೊಡೆತಗಳು ಹೆಚ್ಚಾಗಿ ಗ್ರೀನ್‌ಗಿಂತ ಹಿಂದೆಯೇ ಬೀಳುವುದು ಈ ನೆನಪಿನ ದೆಸೆಯಿಂದ. ಬೆಂಗಳೂರಿನವರಿಗೆ ಇನ್ನೊಂದು ತೊಡಕೂ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಚೆಂಡು ಶೇ. 3ರಿಂದ 4ರಷ್ಟು ಹೆಚ್ಚು ದೂರ ಹಾರುತ್ತದೆ. ಕರಾವಳಿಯ ಮಂಗಳೂರಿನ ಪಿಲಿಕುಳ ಮೈದಾನಕ್ಕೆ ಹೋದವರು ತಮ್ಮ ಸ್ವಿಂಗ್‌ಗೆ ಏನೋ ಆಗಿದೆ ಎಂದು ಗಾಬರಿಯಾಗಬೇಕಿಲ್ಲ, ಒಂದು ದಂಡ ಹೆಚ್ಚು ತೆಗೆದುಕೊಂಡರೆ ಸಾಕು.

ಇನ್ನು ದೇಹ. 1960ರ ದಶಕದಲ್ಲಿ ಗ್ಯಾರಿ ಪ್ಲೇಯರ್ ಭಾರ ಎತ್ತುತ್ತಿದ್ದಾಗ ಗಾಲ್ಫರ್‌ಗೆ ಸ್ನಾಯು ಬೆಳೆದರೆ ಸ್ವಿಂಗ್ ಕೆಡುತ್ತದೆ ಎಂದು ತಜ್ಞರು ನಗುತ್ತಿದ್ದರು. ಆ ಚಿಕ್ಕ ದೇಹದ ದಕ್ಷಿಣ ಆಫ್ರಿಕನ್ ಒಂಬತ್ತು ಮೇಜರ್ ಗೆದ್ದ. ಟೈಗರ್ ವುಡ್ಸ್ ಬಂದ ಮೇಲೆ ನಗುವವರಿಲ್ಲವಾದರು. ಬ್ರೈಸನ್ ಡಿಶಾಂಬೋ 2020ರಲ್ಲಿ ಹತ್ತಿಪ್ಪತ್ತು ಕಿಲೋ ಮೈ ಬೆಳೆಸಿಕೊಂಡು ಬಂದು ಯುಎಸ್ ಓಪನ್ ಗೆದ್ದಾಗ ಇನ್ನು ಗಾಲ್ಫ್ ಪೈಲ್ವಾನರ ಆಟ ಎಂದರು. ಆತನೇ ತೂಕ ಇಳಿಸಿ 2024ರಲ್ಲಿ ಮತ್ತೆ ಅದೇ ಪ್ರಶಸ್ತಿ ಗೆದ್ದದ್ದು 55 ಗಜದ ಬಂಕರ್ ಹೊಡೆತದಿಂದ. ಬಲದಿಂದಲೂ ಗೆಲ್ಲಬಹುದು, ಚಳಕದಿಂದಲೂ ಗೆಲ್ಲಬಹುದು.

ದಂಡದ ತುದಿಯ ವೇಗ ಗಂಟೆಗೆ ಒಂದು ಮೈಲಿ ಹೆಚ್ಚಿದರೆ ಡ್ರೈವ್ ಎರಡೂವರೆ ಗಜದಷ್ಟು ಉದ್ದವಾಗುತ್ತದೆ. ವ್ಯಾಯಾಮದಿಂದ ನಾಲ್ಕೈದು ಮೈಲಿ ಗಳಿಸುವುದು ಮಧ್ಯವಯಸ್ಕರಿಗೂ ಅಸಾಧ್ಯವಲ್ಲ. ಆದರೆ ಹವ್ಯಾಸಿಗೆ ದೇಹದ ಮಾತು ಮುಖ್ಯವಾಗುವುದು ದೂರಕ್ಕಿಂತ ಹೆಚ್ಚಾಗಿ ಬಾಳಿಕೆಗೆ. ಗಾಲ್ಫರ್‌ಗಳ ಗಾಯಗಳಲ್ಲಿ ಮೊದಲ ಸ್ಥಾನ ಕೆಳಬೆನ್ನಿಗೆ. ಮೊಣಕೈ, ಮಣಿಕಟ್ಟು, ಭುಜ ಆಮೇಲೆ. ಇದಕ್ಕೆ ಆಧುನಿಕ ಸ್ವಿಂಗ್ ಕೂಡ ಹೊಣೆ. ಭುಜಗಳನ್ನು ಪೂರ್ತಿ ತಿರುಗಿಸಿ ಸೊಂಟವನ್ನು ಹಿಡಿದಿಟ್ಟು, ನಡುವಿನ ಬಿಗಿತದಿಂದ ಬಲ ಪಡೆಯುವ ವಿಧಾನ 1990ರ ದಶಕದಲ್ಲಿ ಎಕ್ಸ್-ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಹಬ್ಬಿತು. ಇಪ್ಪತ್ತರ ಎಲುಬಿಗೆ ಅದು ಸರಿ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಇನ್ನೆರಡು ಗಂಟೆ ಕೂತು, ಶನಿವಾರ ಕಾರಿನಿಂದಿಳಿದವನೇ ಮೊದಲ ಟೀಗೆ ಓಡುವ ನಲವತ್ತೈದರ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಅದು ಮೂಳೆವೈದ್ಯರ ವಿಳಾಸ. ವುಡ್ಸ್‌ನಂಥವನಿಗೇ 2017ರಲ್ಲಿ ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆ ಬೇಕಾಯಿತು. ಅದಾಗಿ ಎರಡು ವರ್ಷಕ್ಕೆ ಆತ ಮಾಸ್ಟರ್ಸ್ ಗೆದ್ದ ಎಂಬುದು ನಮಗೆ ಸಮಾಧಾನ ಆಗಲಾರದು.

ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಂಡಿಗಳನ್ನು ಜೋಡಿಸಿ, ಭುಜಗಳ ಮೇಲೆ ಕೋಲೊಂದನ್ನು ಅಡ್ಡ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿ ನೋಡಿ. ನಲವತ್ತೈದು ಡಿಗ್ರಿ ತಿರುಗಲಾಗದಿದ್ದರೆ ಟಿವಿಯಲ್ಲಿ ಕಾಣುವ ಸ್ವಿಂಗ್ ನಿಮ್ಮದಲ್ಲ. ಅದನ್ನು ಅನುಕರಿಸಿದರೆ ಎದೆಮಟ್ಟದ ಬೆನ್ನು ತಿರುಗದ್ದನ್ನು ಸೊಂಟದ ಮೇಲಿನ ಮೂಳೆಗಳು ತಿರುಗಿಸಲು ಹೋಗಿ ನೋಯುತ್ತವೆ. ಇದಕ್ಕೆ ಸುಲಭ ಪರಿಹಾರ ನಿಕ್ಲಾಸ್‌ನ ಸ್ವಿಂಗ್‌ನಲ್ಲೇ ಇದೆ. ಹಿಂದಕ್ಕೆ ಬೀಸುವಾಗ ಎಡ ಹಿಮ್ಮಡಿಯನ್ನು ನೆಲದಿಂದ ಎತ್ತಿಬಿಡುವುದು. ಸೊಂಟ ಸಡಿಲವಾಗಿ ತಿರುಗುತ್ತದೆ, ಬೆನ್ನಿನ ಹೊರೆ ಇಳಿಯುತ್ತದೆ. ಐವತ್ತು ದಾಟಿದವರಿಗೆ ಇದನ್ನು ಕಲಿಸದ ಕೋಚ್‌ಗಳನ್ನು ಕಂಡರೆ ನನಗೆ ಆಶ್ಚರ್ಯ. ಜೊತೆಗೆ ಸೊಂಟದ ಕೀಲು ಮತ್ತು ಮೇಲ್ಬೆನ್ನಿಗೆ ದಿನಾ ಹತ್ತು ನಿಮಿಷ, ವಾರಕ್ಕೆರಡು ದಿನ ಕಾಲು ಮತ್ತು ಪೃಷ್ಠದ ಸ್ನಾಯುಗಳಿಗೆ ಬಸ್ಕಿಯಂಥ ಕಸರತ್ತು. ಆಟಕ್ಕೆ ಮುಂಚೆ ಒಂದೆಡೆ ನಿಂತು ಸ್ನಾಯುವನ್ನು ಎಳೆದು ಹಿಡಿಯುವುದರಿಂದ ದಂಡದ ವೇಗ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಅದರ ಬದಲು ನಡೆಯುವುದು, ಕಾಲು ತೂಗುವುದು, ನಿಧಾನಕ್ಕೆ ಬೀಸಿ ವೇಗ ಹೆಚ್ಚಿಸುತ್ತಾ ಹೋಗುವುದು ಒಳ್ಳೆಯದು.

ಬಗ್ಗಿ ಎಂಬ ಬ್ಯಾಟರಿ ಗಾಡಿ ಬಿಟ್ಟು ನಡೆದರೆ 18 ಹೋಲ್‌ಗೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಸ್ವೀಡನ್ನಿನ ಸುಮಾರು ಮೂರು ಲಕ್ಷ ಗಾಲ್ಫರ್‌ಗಳ ದಾಖಲೆ ನೋಡಿದ 2008ರ ಅಧ್ಯಯನದಲ್ಲಿ, ಅದೇ ವಯಸ್ಸಿನ, ಅದೇ ಲಿಂಗದ, ಅದೇ ಆರ್ಥಿಕ ವರ್ಗದ ಇತರರಿಗಿಂತ ಅವರ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು. ಕಡಿಮೆ ಹ್ಯಾಂಡಿಕ್ಯಾಪ್‌ನವರಲ್ಲಿ ಇನ್ನೂ ಕಡಿಮೆ. ಇದನ್ನು ಕ್ಲಬ್‌ಗಳು ಹೆಮ್ಮೆಯಿಂದ ಉಲ್ಲೇಖಿಸುತ್ತವೆ. ಆರೋಗ್ಯವಂತರೇ ಗಾಲ್ಫ್ ಆಡಲು ಬರುತ್ತಿರಬಹುದು, ಹಾಗಾಗಿ ಗಾಲ್ಫೇ ಅವರನ್ನು ಆರೋಗ್ಯವಂತರನ್ನಾಗಿ ಮಾಡಿತು ಎಂದು ಇದರಿಂದ ಹೇಳಲಾಗದು. ನಡಿಗೆಗೆ ಹೇಗೂ ಬೇರೆ ಸಾಕ್ಷಿ ಬೇಕಿಲ್ಲ.

ವಾರಕ್ಕೆ ನಾಲ್ಕು ಗಂಟೆ ಮಾತ್ರ ಸಿಗುವ ಹವ್ಯಾಸಿ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ತೀರ್ಪು ಹೀಗೆ. ಮೊದಲ ಎರಡು ತಿಂಗಳು ಗ್ರಿಪ್ಪು ಮತ್ತು ಗುರಿ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಹೊಸ ಹಿಡಿತ ಅಸಹ್ಯ ಎನ್ನಿಸುತ್ತದೆ, ಸ್ಕೋರು ಏರುತ್ತದೆ, ಸಹಿಸಿಕೊಳ್ಳಿ. ಹೊಸ ಡ್ರೈವರ್‌ಗೆ ಇಟ್ಟ ದುಡ್ಡಿನಲ್ಲಿ ಹತ್ತು ಪಾಠ ಕೊಳ್ಳಿ, ಅದೂ ಒಬ್ಬರೇ ಕೋಚ್ ಬಳಿ. ಸಂದೇಹವಿದ್ದಾಗ ಬಾವುಟ ಬಿಟ್ಟು ಗ್ರೀನ್‌ನ ನಡುಭಾಗಕ್ಕೆ ಆಡಿ, ಒಂದು ದಂಡ ಹೆಚ್ಚು ತೆಗೆದುಕೊಳ್ಳಿ. ಮರಗಳ ನಡುವೆ ಸಿಕ್ಕಿಕೊಂಡರೆ ಪಕ್ಕಕ್ಕೆ ಹೊರತೆಗೆಯಿರಿ, ವೀರಾವೇಶ ಬೇಡ. ಬೆನ್ನುನೋವು ಎರಡು ವಾರ ದಾಟಿದರೆ ಕೋಚ್‌ಗಿಂತ ಮೊದಲು ಫಿಸಿಯೋಥೆರಪಿಸ್ಟ್‌ರನ್ನು ನೋಡಿ, ಮತ್ತು ಅವರು ಆಡಬೇಡಿ ಅಂದರೆ ಆಡಬೇಡಿ.